ಬಚ್ಚಲುಮನೆಯ ಗೋಡೆಯ ಬಸ್ಸು

ಅಮ್ಮ ಮತ್ತು ಅಕ್ಕ ಮೈಸೂರಿನಿಂದ ಮಸ್ಕತ್ತಿಗೆ ಬಂದು ಹದಿನೈದು ದಿನವಾಯಿತು. ಬಂದ ಮೂರನೆಯ ದಿನಕ್ಕೇ ಅಮ್ಮ ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನ ಅಡುಗೆಮನೆಯನ್ನು ತನ್ನ ಹದಕ್ಕೆ ತಂದುಕೊಂಡು, ಆಮೇಲೆ ನನ್ನ ಮೇಜಿನ ಡ್ರಾಯರಿಗೆ ಕೈಹಾಕಿದಳು.

“ಇಷ್ಟೊಂದು ಹಳದಿ ಪೆನ್ನು ಯಾಕೆ ಇಟ್ಕೊಂಡಿದೀಯ? ಒಂದೂ ಬರೆಯಲ್ಲ. ಎಸೆದುಬಿಡ್ಲಾ?”

“ಇರಲಿ ಬಿಡಮ್ಮ” ಎಂದು ಒಂದನ್ನು ತೆಗೆದುಕೊಂಡು ಮುಚ್ಚಳ ಬಿಚ್ಚಿ ಮೂಸಿದೆ. ಹಳೆಯ ವಾಸನೆ ಬಂತು. ಒಣಗಿ ವರ್ಷಗಳಾದ ಮಾರ್ಕರಿನಲ್ಲಿ ವಾಸನೆ ಉಳಿದಿರುತ್ತದೆಯೇ, ಅಥವಾ ನಾನೇ ಸೇರಿಸಿಕೊಂಡೆನೇ, ಖಂಡಿತವಾಗಿ ಹೇಳಲಾರೆ. ಓದುವವರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು, ನನ್ನ ಜೊತೆ ಹಿಂದಕ್ಕೆ ಹೋದರೆ ದಾರಿಯುದ್ದಕ್ಕೂ ಈ ತೊಂದರೆ ಇದ್ದದ್ದೇ.

ಆರು ವರ್ಷಗಳ ಹಿಂದೆ ನಾನು ಇಲ್ಲಿಯೇ ಒಂದು ಡ್ರಾಯಿಂಗ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಮಾಡುತ್ತಿದ್ದದ್ದು ನೀರಿನ ಪೈಪುಗಳ ನಕ್ಷೆ. ಅಂಥ ಆಫೀಸುಗಳಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಒಬ್ಬರು ಬರೆದ ನಕ್ಷೆಯನ್ನು ಇನ್ನೊಬ್ಬರು ಗೆರೆಗೆರೆಯಾಗಿ ಪರೀಕ್ಷಿಸದೆ ಹೊರಗೆ ಕಳಿಸುವಂತಿಲ್ಲ. ಸರಿಯಿರುವುದರ ಮೇಲೆ ಹಳದಿ ಬಳಿಯಬೇಕು, ತಪ್ಪಿರುವಲ್ಲಿ ಕೆಂಪಿನಲ್ಲಿ ತಿದ್ದಬೇಕು. ಯಾವುದಾದರೂ ಅಳತೆ ಇನ್ನೂ ಖಚಿತವಾಗಿಲ್ಲವೆಂದರೆ ಅದನ್ನು ಅಳಿಸುವುದಿಲ್ಲ, ಊಹಿಸಿ ತುಂಬುವುದೂ ಇಲ್ಲ. ಅದರ ಸುತ್ತ ಮೋಡದಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ‘ಹೋಲ್ಡ್’ ಎಂದು ಬರೆಯುತ್ತಾರೆ. ಈ ಜಾಗ ನಮಗಿನ್ನೂ ತಿಳಿದಿಲ್ಲ, ಯಾರೂ ಇದನ್ನು ನಂಬಿ ಪೈಪು ಕತ್ತರಿಸಬೇಡಿ ಎಂದು ಅದರ ಅರ್ಥ.

ನನ್ನ ನಕ್ಷೆಗಳನ್ನು ಪರೀಕ್ಷಿಸುತ್ತಿದ್ದವರು ಲೋಬೊ ಸರ್. ಉಡುಪಿ ಕಡೆಯವರು, ಮನೆಮಾತು ಕೊಂಕಣಿ, ಮೂವತ್ತು ವರ್ಷದಿಂದ ಒಮಾನಿನಲ್ಲಿದ್ದವರು. ಅವರ ಎಡಗೈ ಬೆರಳುಗಳು ಸದಾ ಹಳದಿಯಾಗಿರುತ್ತಿದ್ದವು. ಅರಿಶಿನದ ಕೈ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಪೈಪಿನಿಂದ ಆನಿಮೇಶನ್ನಿಗೆ ಹೋದದ್ದು ಹೇಗೆ ಎಂದು ಜನ ಈಗಲೂ ಕೇಳುತ್ತಾರೆ. ಕಾರಣ ಬಹಳ ಚಿಕ್ಕದು. ಗಿರಾಕಿಗಳಿಗೆ ತೋರಿಸಲು ಒಂದು ಪಂಪ್ ಹೌಸಿನ ಇಪ್ಪತ್ತು ಸೆಕೆಂಡಿನ ಚಲನಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿಕೊಡಬೇಕಾಯಿತು. ಕಟ್ಟಡ ಎಷ್ಟು ದೊಡ್ಡದು ಎಂದು ಗೊತ್ತಾಗಲು ಅದರಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ವಾಡಿಕೆ. ನಾನು ಅವನನ್ನು ನಡೆಸಲು ಹೋದೆ. ಅವನು ನಡೆಯಲಿಲ್ಲ, ಸೋಪಿನ ಮೇಲೆ ಜಾರಿದಂತೆ ಜಾರಿದ. ಪಂಪ್ ಹೌಸು ಎರಡು ದಿನದಲ್ಲಿ ಮುಗಿಯಿತು. ಅವನ ಹಿಮ್ಮಡಿ ನೆಲಕ್ಕೆ ತಾಗುವಂತೆ ಮಾಡಲು ಮೂರು ವಾರ ಹಿಡಿಯಿತು. ತಾಗಿದ ದಿನ ನಾನು ಊಟಕ್ಕೆ ಏಳದೆ ಅವನು ನಡೆಯುವುದನ್ನೇ ನೋಡುತ್ತ ಕುಳಿತಿದ್ದೆ. ಗಿರಾಕಿಗಳು ಅವನನ್ನು ಗಮನಿಸಲೇ ಇಲ್ಲವಂತೆ.

ಮೂವತ್ತೆರಡನೆಯ ವಯಸ್ಸಿನಲ್ಲಿ ಆನಿಮೇಶನ್ನಿನ ಸ್ನಾತಕೋತ್ತರ ಕೋರ್ಸುಗಳಿಗೆ ಅರ್ಜಿ ಹಾಕುತ್ತೇನೆಂದಾಗ ನನ್ನ ಗಂಡ ನಗಲಿಲ್ಲ. ಯೋಚಿಸಿ ಹೇಳಿದ. “ಒಂದು ವರ್ಷ ಟ್ರೈ ಮಾಡು. ಎಲ್ಲಾದ್ರೂ ಸಿಕ್ಕಿದ್ರೆ ಹೋಗಿ ಓದು, ನಾನು ಇಲ್ಲಿ ನೋಡ್ಕೋತೀನಿ. ಸಿಗಲಿಲ್ಲ ಅಂದ್ರೆ ಖಲಾಸ್, ಆ ಮಾತು ಮತ್ತೆ ಬೇಡ. ಪ್ರತಿ ವರ್ಷ ಇದೇ ಆದ್ರೆ ಇಬ್ರಿಗೂ ಕಷ್ಟ.” ನ್ಯಾಯವಾಗಿಯೇ ಇತ್ತು. ಒಪ್ಪಿದೆ. ಹಾಗಾಗಿ ಇದ್ದದ್ದು ಒಂದೇ ಅವಕಾಶ, ಆರು ಅರ್ಜಿ.

ಕಲೆಯ ಹಿನ್ನೆಲೆಯಿಲ್ಲದವರಿಗೂ ಸ್ವಾಗತ ಎಂದು ಆರೂ ಕಡೆ ಬರೆದಿತ್ತು. ಅದರ ಕೆಳಗಿನ ಸಾಲಿನಲ್ಲಿಯೇ ಜೀವಂತ ಮನುಷ್ಯರನ್ನು ನೋಡಿ ಬರೆದ ಹದಿನೈದು ಚಿತ್ರಗಳನ್ನು ಕೇಳಿದ್ದರು. ಮದುವೆಯಾಗದವರಿಗೂ ಸ್ವಾಗತ, ಮಕ್ಕಳನ್ನು ಕರೆತನ್ನಿ ಎಂದ ಹಾಗೆ. ನಾನು ಜನರನ್ನು ಹುಡುಕಿಕೊಂಡು ಹೊರಟೆ. ಈ ಊರಿನಲ್ಲಿ ಎಲ್ಲರೂ ಕಾರಿನೊಳಗಿರುತ್ತಾರೆ, ಕುಳಿತವರ ಎದೆಯಿಂದ ಕೆಳಗೆ ಕಾಣುವುದಿಲ್ಲ. ಪರಿಚಯದ ಹೆಂಗಸರನ್ನು ಕೇಳಿದರೆ ರೇಷ್ಮೆ ಸೀರೆಯುಟ್ಟು, ರೆಸಿಡೆಂಟ್ ಕಾರ್ಡಿನ ಫೋಟೋಗೆಂಬಂತೆ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಕೊನೆಗೆ ನನ್ನನ್ನು ಕಾಪಾಡಿದ್ದು ನಮ್ಮ ಕಾರಿನ ಕೆಟ್ಟ ಏಸಿ. ಅಲ್ ಮಬೇಲಾದ ಒಂದು ಗ್ಯಾರೇಜಿನಲ್ಲಿ ಕಾರು ಬಿಟ್ಟು ಕಾಯುವಾಗ ಅಲ್ಲಿಯ ಮೆಕ್ಯಾನಿಕ್ಕುಗಳನ್ನು ಬರೆಯಲು ಶುರುಮಾಡಿದೆ. ಅವರಿಗೆ ನನ್ನ ಕಡೆ ನೋಡಲು ಪುರುಸೊತ್ತಿರಲಿಲ್ಲ. ಏಸಿ ಸರಿಯಾದ ಮೇಲೂ ಎರಡು ಸಲ ಏನೋ ಸದ್ದು ಬರುತ್ತಿದೆ ಎಂದು ಸುಳ್ಳು ಹೇಳಿ ಹೋದೆ.

ಹದಿನೈದೂ ಚಿತ್ರಗಳನ್ನು ಲೋಬೊ ಸರ್ ಮುಂದೆ ಇಟ್ಟೆ. ಬೇರೆ ಯಾರಿಗೆ ತೋರಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಹೊರಗೆ ಹೋಗುವ ಕಾಗದವೆಂದರೆ ಅವರ ಕೈದಾಟಿ ಹೋಗಬೇಕು ಎನ್ನುವುದು ಮೈಗೆ ಹತ್ತಿಹೋಗಿತ್ತು. ಅವರು ಕನ್ನಡಕ ಏರಿಸಿಕೊಂಡು ಮೊದಲನೆಯ ಹಾಳೆಯನ್ನು ಬಹಳ ಹೊತ್ತು ನೋಡಿದರು. ನಾನು ಅಭ್ಯಾಸಬಲದಿಂದ ಪ್ರತಿ ಚಿತ್ರಕ್ಕೂ ಚೌಕಟ್ಟು ಹಾಕಿ, ಬಲಗಡೆ ಮೂಲೆಯಲ್ಲಿ ನಕ್ಷೆಗೆ ಮಾಡುವಂತೆ ಪಟ್ಟಿ ಎಳೆದು, ಶೀರ್ಷಿಕೆ, ಕ್ರಮಸಂಖ್ಯೆ, ತಿದ್ದುಪಡಿ ಸೊನ್ನೆ ಎಂದೆಲ್ಲ ತುಂಬಿದ್ದೆ.

“ಈ ಮನುಷ್ಯನ ಎದುರಿನ ಎಲಿವೇಶನ್ ಉಂಟು” ಎಂದರು. “ಮೇಲಿಂದ ನೋಡಿದ ಪ್ಲಾನ್ ಎಲ್ಲಿ?”

ಪಕ್ಕದ ಮೇಜಿನವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗಿ ಹದಿನೈದು ಚೌಕಟ್ಟುಗಳನ್ನೂ ಕತ್ತರಿಸಿದೆ.

ಚಿತ್ರಗಳಿಗಿಂತ ಕಷ್ಟವಾದದ್ದು ಒಂದು ಪುಟದ ಆತ್ಮನಿವೇದನೆ. ನಾನೇಕೆ ಈ ವಿದ್ಯೆ ಬಯಸುತ್ತೇನೆ ಎಂದು ಬರೆಯಬೇಕಿತ್ತು. ನನ್ನ ಮೊದಲ ಕರಡು ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಧಾಟಿಯಲ್ಲಿತ್ತು. ಇಂಟರ್ನೆಟ್ಟಿನಲ್ಲಿ ಬೇರೆಯವರು ಬರೆದಿದ್ದನ್ನು ಓದಿ ನೋಡಿದರೆ ಪ್ರತಿಯೊಬ್ಬರೂ ಮಾತು ಬರುವ ಮೊದಲೇ ಗೋಡೆಗಳ ಮೇಲೆ ಚಿತ್ರ ಬರೆದಿದ್ದರು. ನನಗೆ ದಿಗಿಲಾಯಿತು. ಪಂಪ್ ಹೌಸಿನ ಮನುಷ್ಯನ ಹಿಮ್ಮಡಿಯನ್ನು ಹೇಳಿಕೊಂಡರೆ ಯಾರು ಕೇಳುತ್ತಾರೆ?

ಆಗ ನನಗೆ ಬಸ್ಸು ನೆನಪಾಯಿತು. ಮೈಸೂರಿನಲ್ಲಿ ನಾವಿದ್ದ ಬಾಡಿಗೆ ಮನೆಯ ಬಚ್ಚಲು. ಹಂಡೆ ಒಲೆಯಿಂದ ತೆಗೆದ ಇದ್ದಿಲು. ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಬಸ್ಸು, ಕಿಟಕಿಗೊಂದು ಮುಖ. ನನಗೆ ನಾಲ್ಕು ವರ್ಷ. ಮಾರನೆಯ ದಿನ ಮನೆಯ ಮಾಲೀಕರು ಬಂದು ನೋಡಿ ಕೂಗಾಡಿದ್ದು. ಒಂದೇ ಗುಕ್ಕಿಗೆ ಬರೆದು ಮುಗಿಸಿದೆ. ಓದಿಕೊಂಡಾಗ ನನ್ನ ಕಣ್ಣಲ್ಲೇ ನೀರು ಬಂತು. ಆ ಕಣ್ಣೀರಿನಿಂದಲೇ ನನಗೆ ಅನುಮಾನ ಹುಟ್ಟಬೇಕಿತ್ತು.

ಹೆಮ್ಮೆಯಿಂದ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ.

“ಅದು ನೀನಲ್ಲ ಕಣೆ, ನಿಮ್ಮಕ್ಕ” ಎಂದಳು ಅಮ್ಮ. “ಅವಳಿಗೇ ಅಲ್ವಾ ನಾನು ಬಾರಿಸಿದ್ದು. ನೀನು ಪಾಪ, ಬಾಗಿಲಲ್ಲಿ ನಿಂತ್ಕೊಂಡು ಅಳ್ತಿದ್ದೆ.”

ಫೋನಿಟ್ಟು ಕಣ್ಣು ಮುಚ್ಚಿ ಮತ್ತೆ ಆ ಬಚ್ಚಲಿಗೆ ಹೋದೆ. ಗೋಡೆಗೆ ಮುಖಮಾಡಿ ನಿಂತ ಹುಡುಗಿಯೊಬ್ಬಳು ನನಗೆ ಹಿಂದಿನಿಂದ ಕಾಣುತ್ತಿದ್ದಳು. ಎರಡು ಜಡೆ. ನಾಲ್ಕನೆಯ ವಯಸ್ಸಿನಲ್ಲಿ ನನಗೆ ಗಂಡುಮಕ್ಕಳ ಹಾಗೆ ಕ್ರಾಪು ಮಾಡಿಸಿದ್ದರು. ಆದರೆ ಜಡೆಯನ್ನು ನಾನು ಮೊದಲಿನಿಂದಲೂ ಕಂಡಿದ್ದೆನೋ, ಅಮ್ಮ ಹೇಳಿದ ಮೇಲೆ ಹೆಣೆದೆನೋ? ಅದೂ ಅಲ್ಲದೆ, ಕೈಯೊಳಗಿನ ಇದ್ದಿಲಿನ ಒರಟು ನನಗೆ ಸ್ಪಷ್ಟವಾಗಿ ನೆನಪಿತ್ತು. ನೋಡುತ್ತ ನಿಂತವಳ ಕೈಗೆ ಇದ್ದಿಲು ಹೇಗೆ ಬಂತು?

ಅರ್ಜಿಗೆ ಇನ್ನು ನಾಲ್ಕು ದಿನವಿತ್ತು. ನಿವೇದನೆಯನ್ನು ಹಾಗೆಯೇ ಲೋಬೊ ಸರ್‌ಗೆ ಕೊಟ್ಟೆ. ಮಧ್ಯಾಹ್ನ ವಾಪಸು ಬಂತು. ಎಲ್ಲ ಸಾಲಿನ ಮೇಲೂ ಹಳದಿ, ಎರಡು ಕಡೆ ವ್ಯಾಕರಣಕ್ಕೆ ಕೆಂಪು. ಬಸ್ಸಿನ ಭಾಗಕ್ಕೆ ಮಾತ್ರ ಯಾವ ಬಣ್ಣವೂ ಬಿದ್ದಿರಲಿಲ್ಲ.

“ಇದು ಎಲ್ಲಿಂದ ಬಂತು ಮಾರಾಯ್ತಿ?” ಎಂದು ಅಲ್ಲಿ ಬೆರಳಿಟ್ಟರು.

“ನೆನಪು, ಸರ್.”

“ಸೈಟಿಗೆ ಹೋಗಿ ಅಳತೆ ತೆಗೆದದ್ದಾ, ಆಫೀಸಲ್ಲಿ ಕೂತು ಅಂದಾಜು ಮಾಡಿದ್ದಾ?”

ಅವರಿಗೆ ಹೇಗೆ ತಿಳಿಯಿತೋ. ನನ್ನ ಮುಖ ನೋಡಿಯೇ ಇರಬೇಕು. ಅಮ್ಮ ಹೇಳಿದ್ದನ್ನೆಲ್ಲ ಹೇಳಿದೆ.

“ಅಂದ್ರೆ ಎರಡು ಡ್ರಾಯಿಂಗ್ ಉಂಟು, ಒಂದಕ್ಕೊಂದು ಸೇರುದಿಲ್ಲ. ಅಂಥದ್ದಕ್ಕೆ ನಾವು ಎಂತ ಮಾಡುದು?”

“ಹೋಲ್ಡ್ ಹಾಕೋದು.”

“ಹಾಂ. ಅಷ್ಟೇ.”

“ಆದ್ರೆ ಸರ್, ಗೊತ್ತಿಲ್ಲ ಅಂತ ಅರ್ಜೀಲಿ ಬರೆದ್ರೆ ಯಾರು ಸೀಟು ಕೊಡ್ತಾರೆ?”

“ಕೊಡದಿದ್ರೆ ಇಲ್ಲೇ ಇರ್ತಿ. ನಂಗೆ ಒಳ್ಳೇದೇ. ನಿನ್ನ ಡ್ರಾಯಿಂಗಲ್ಲಿ ಕೆಂಪು ಕಡಿಮೆ” ಎಂದು ಎದ್ದರು. “ಯಲ್ಲಾ, ಬಾ, ಚಾ ಕುಡಿಯುವ.”

ಆ ರಾತ್ರಿಯೇ ತಿದ್ದಿದೆನೆಂದು ಹೇಳಿದರೆ ಚೆನ್ನಾಗಿರುತ್ತಿತ್ತು. ನನ್ನ ದಿನಚರಿ ಬೇರೆ ಹೇಳುತ್ತದೆ. ಎರಡು ದಿನ ಏನೂ ಮಾಡಲಿಲ್ಲ. ಬಸ್ಸನ್ನು ಹಾಗೆಯೇ ಕಳಿಸಿಬಿಟ್ಟರೆ ಯಾರು ಮೈಸೂರಿಗೆ ಬಂದು ಸುಣ್ಣ ಕೆರೆದು ನೋಡುತ್ತಾರೆ ಎಂದು ಲೆಕ್ಕ ಹಾಕಿದ್ದೇನೆ. ಮೂರನೆಯ ದಿನ ಬರೆದೆ: ನಮ್ಮ ಮನೆಯ ಗೋಡೆಯ ಮೇಲೆ ಒಂದು ಬಸ್ಸಿತ್ತು, ಬರೆದವಳು ನಾನು ಅಥವಾ ನನ್ನ ಅಕ್ಕ, ಯಾರೆಂದು ತಿಳಿಯದು. ಆಮೇಲೆ ಹಿಮ್ಮಡಿಯ ವಿಷಯ ಬರೆದೆ, ಅದಕ್ಕೆ ಸಾಕ್ಷಿಯಿತ್ತು. ಜಾಗ ಮುಗಿಯಿತು. ಕಳಿಸಿದೆ.

ಐದು ಕಡೆಯಿಂದ ವಿಷಾದ ಬಂತು. ಆರನೆಯವರು ವೀಡಿಯೊ ಸಂದರ್ಶನಕ್ಕೆ ಕರೆದರು. ತೆರೆಯ ಮೇಲೆ ಮೂವರಿದ್ದರು. ಇಬ್ಬರು ಗಂಡಸರು ತಂತ್ರದ ವಿಷಯ ಕೇಳಿದರು. ನರೆಗೂದಲಿನ ಹೆಂಗಸು ಕೊನೆಯಲ್ಲಿ ಒಂದೇ ಕೇಳಿದಳು, ಅಕ್ಕನನ್ನು ನೀನು ಕೇಳಿದೆಯಾ?

ಇಲ್ಲವೆಂದೆ. ಏಕೆ ಎಂದಳು.

ಕೇಳಿದರೆ ಅದು ನನ್ನದಲ್ಲವೆಂದು ಗೊತ್ತಾಗಿಬಿಡುತ್ತದೆ ಎಂದು ಭಯ ಎಂದೆ. ಇಷ್ಟು ನೇರವಾಗಿ ಹೇಳಿದೆನೆಂದು ಈಗ ಬರೆಯುತ್ತಿದ್ದೇನೆ, ಅಂದು ಇನ್ನೂ ಬಹಳ ತಡವರಿಸಿರಬೇಕು. ಅವಳು ಏನನ್ನೋ ಗುರುತು ಹಾಕಿಕೊಂಡಳು. ಕೆಂಪೋ ಹಳದಿಯೋ ಕಾಣಲಿಲ್ಲ.

ಅಂದೇ ಸಂಜೆ ಅಕ್ಕನಿಗೆ ಫೋನು ಮಾಡಿದೆ. ಅಕ್ಕ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಅಲಂಕಾರದ ಮಾತು ಆಕೆಗೆ ಬರುವುದಿಲ್ಲ.

“ಯಾವ ಬಸ್ಸೇ? ನಂಗೆ ಬಸ್ಸು ನೆನಪಿಲ್ಲ. ಏಟು ನೆನಪಿದೆ. ನೀರೊಲೆ ಸೌದೆ ತಗೊಂಡು ಕಾಲಿಗೆ ಕೊಟ್ಟಿದ್ಲು.”

“ಅಮ್ಮ ನೀನೇ ಬರೆದಿದ್ದು ಅಂತಾಳೆ.”

“ಹೊಡೆದಿದ್ದು ಯಾರಿಗೆ ಅಂತ ಅವಳಿಗೆ ಗೊತ್ತು. ಬರೆದಿದ್ದು ಯಾರು ಅಂತ ನೋಡಿದ್ಲಂತಾ?”

ಅಷ್ಟು ದಿನ ಅಕ್ಕನ ಚಿತ್ರವನ್ನು ಕದ್ದೆನೇನೋ ಎಂದು ನರಳಿದ್ದೆ. ನನಗೆ ಬೀಳಬೇಕಿದ್ದ ಏಟನ್ನು ಅವಳಿಗೆ ಕೊಟ್ಟಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಆ ಆರನೆಯ ಕಡೆಯವರು ಸೀಟು ಕೊಟ್ಟರು. ಎರಡು ವರ್ಷ ಚಳಿಯ ಊರೊಂದರಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಓದಿದೆ. ಅವರ ಚಿತ್ರಗಳು ನನ್ನವಕ್ಕಿಂತ ಚೆನ್ನಾಗಿರುತ್ತಿದ್ದವು. ನನ್ನ ಮನುಷ್ಯರ ಹೆಜ್ಜೆ ಮಾತ್ರ ನೆಲಕ್ಕೆ ಸರಿಯಾಗಿ ಊರುತ್ತಿತ್ತು. ಮರಳಿ ಬಂದ ಮೇಲೆ ಈ ಊರಿನ ಕಂಪನಿಗಳಿಗೆ ಸುರಕ್ಷತೆಯ ಚಿತ್ರಗಳನ್ನು ಮಾಡಿಕೊಡುತ್ತಿದ್ದೇನೆ. ಹೆಲ್ಮೆಟ್ ಹಾಕಿಕೊಂಡವರು ನನ್ನ ಕೈಯಲ್ಲಿ ದಿನವೂ ಏಣಿಯಿಂದ ಬೀಳದೆ ಉಳಿಯುತ್ತಾರೆ. ಲೋಬೊ ಸರ್ ಊರಿಗೆ ಹೋಗಿ ನೆಲೆಸಿದ್ದಾರೆ.

ಮೊನ್ನೆ ಶುಕ್ರವಾರ ಪರಿಚಯದ ಎರಡು ಮನೆಯವರನ್ನು ಊಟಕ್ಕೆ ಕರೆದಿದ್ದೆವು. ಬಂದವರಲ್ಲಿ ಒಬ್ಬರು ಅಮ್ಮನನ್ನು ಕೇಳಿದರು. “ಮಗಳು ಇಂಜಿನಿಯರ್ ಕೆಲಸ ಬಿಟ್ಟು ಕಾರ್ಟೂನ್ ಓದೋಕೆ ಹೊರಟಾಗ ನಿಮಗೆ ಭಯ ಆಗ್ಲಿಲ್ವಾ ಅಮ್ಮಾ?”

“ಭಯ ಏನು ಬಂತು? ಇವಳು ಚಿಕ್ಕಂದಿನಿಂದ್ಲೂ ಹಾಗೇ” ಎಂದಳು ಅಮ್ಮ. “ನಾಲ್ಕು ವರ್ಷದವಳು, ಬಚ್ಚಲುಮನೆ ಗೋಡೆ ತುಂಬ ಬಸ್ಸು ಬರೆದಿದ್ಲು. ಕಿಟಕಿ ಕಿಟಕೀಲೂ ಜನ.”

“ಹೊಡೀಲಿಲ್ವಾ?”

“ಅಯ್ಯೋ, ಅಂಥ ಚಿತ್ರ ನೋಡಿದ್ರೆ ಹೊಡೆಯೋಕೆ ಕೈ ಬರುತ್ತಾ?”

ಅಮ್ಮ ಸುಳ್ಳು ಹೇಳುತ್ತಿರಲಿಲ್ಲ. ಅವಳ ಮುಖ ನೋಡಿದರೆ ತಿಳಿಯುತ್ತಿತ್ತು, ಅವಳಿಗೆ ಗೋಡೆಯ ಎದುರು ನಿಂತ ನನ್ನ ಕ್ರಾಪೇ ಕಾಣುತ್ತಿತ್ತು. ಹುಳಿ ಬಡಿಸುತ್ತಿದ್ದ ಅಕ್ಕ ಸೌಟನ್ನು ಒಂದು ಗಳಿಗೆ ಹಾಗೆಯೇ ಹಿಡಿದಿದ್ದು, ಆಮೇಲೆ ಮುಂದಿನ ತಟ್ಟೆಗೆ ಹೋದಳು. ಎಲ್ಲರೂ ನನ್ನನ್ನು ಮೆಚ್ಚಿಗೆಯಿಂದ ನೋಡುತ್ತಿದ್ದರು. ಸುಮ್ಮನಿದ್ದರೆ ಬಸ್ಸು ನನ್ನದಾಗಿಬಿಡುತ್ತಿತ್ತು.

“ನೀನು ಹೊಡೆದೆ ಅಮ್ಮ” ಎಂದೆ. “ಅಕ್ಕನಿಗೆ. ಸೌದೆ ತಗೊಂಡು.”

ಅಮ್ಮ ಅಕ್ಕನ ಕಡೆ ತಿರುಗಿದಳು. “ಹೌದೇನೇ?”

“ಹುಳಿ ತಣ್ಣಗಾಗ್ತಿದೆ, ಊಟ ಮಾಡಿ” ಎಂದಳು ಅಕ್ಕ.

ಅವರೆಲ್ಲ ಹೋದ ಮೇಲೆ ನಾನೂ ಅಕ್ಕನೂ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆವು. ಒಳಗೆ ಅಮ್ಮ ಮಲಗಿದ್ದಳು. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

“ನಿಜವಾಗ್ಲೂ ಯಾರೇ ಬರೆದಿದ್ದು?”

ಅಕ್ಕ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚುತ್ತ ಯೋಚಿಸಿದಳು. “ಗೊತ್ತಿಲ್ಲ ಕಣೆ. ಅಮ್ಮ ಸೌದೆ ಹಿಡ್ಕೊಂಡು ಬಂದಾಗ ನಾನಲ್ಲ ಅಂತ ನಾನು ಹೇಳ್ಲಿಲ್ಲ. ಅದು ಮಾತ್ರ ಚೆನ್ನಾಗಿ ನೆನಪಿದೆ.”

“ಯಾಕೆ ಹೇಳ್ಲಿಲ್ಲ?”

“ಅದು ನೆನಪಿದ್ದಿದ್ರೆ ಎಲ್ಲ ಗೊತ್ತಾಗ್ತಿತ್ತಲ್ವಾ” ಎಂದು ದೊಡ್ಡ ಹೊದಿಕೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ಹಿಂದಕ್ಕೆ ನಡೆದಳು.