ವೈಡ್ ಲೆನ್ಸಿನಲ್ಲಿ ಕಾಕಾ

ಗೆಳೆಯರೇ, ಅಗ್ಗದ ರೀಲ್ ಕ್ಯಾಮೆರಾ ಹೇಗಿದೆ ಎಂದು ಕೇಳುತ್ತಿದ್ದಿರಲ್ಲ? ಹೈದರಾಬಾದಿನಲ್ಲಿ ತೊಳೆಸಿದ ಮೊದಲ ರೀಲಿನ ಫೋಟೊಗಳು ಇಂದು ಗದ್ವಾಲಿಗೆ ಬಂದವು. ಅಷ್ಟರಲ್ಲಿ ಸೀರೆ ನೇಯುತ್ತಿದ್ದ ನಮ್ಮ ಕಾಕಾ ತೀರಿಕೊಂಡು ತಿಂಗಳಾಗಿದೆ.

ಫೋಟೊ ತೆಗೆದ ದಿನ ಅವರು, "ಮಗ್ಗ ಪೂರಾ ಬರಬೇಕು ನೋಡಪ್ಪ" ಎಂದಿದ್ದರು. ಈ ಕ್ಯಾಮೆರಾದ್ದು ವೈಡ್ ಲೆನ್ಸು, ಪೂರಾ ಬಂದಿದೆ. ಮಗ್ಗ, ಗೋಡೆ, ಸೂರು, ಮೂಲೆಯಲ್ಲಿ ನನ್ನದೇ ಚಪ್ಪಲಿ. ಕಾಕಾರ ಮುಖ ಮಾತ್ರ ಶೇಂಗಾಕಾಳಿನಷ್ಟು.

ಕಾಕಿ ಬಹಳ ಹೊತ್ತು ನೋಡಿದಳು. "ಆಧಾರ್ ಕಾರ್ಡಿನ ಫೋಟೊಕ್ಕಿಂತ ಇದಾ ಚಲೋ ಐತಿ. ನಿಮ್ಮ ಕಾಕಾ ನಗಾಕತ್ಯಾರ, ಹೌದಿಲ್ಲೋ?"

"ಹೌದು ಕಾಕಿ" ಎಂದೆ. ನನಗೇನೂ ಕಂಡಿರಲಿಲ್ಲ.

ಫೋಟೊ ಗೋಡೆಗೇರಿತು. ವಿಭೂತಿ ಹಚ್ಚಲು ಕಾಕಿ ಒಂದೇ ಬೆರಳು ಇಟ್ಟಳು. ಕಾಕಾ ಪೂರ್ತಿ ಮುಚ್ಚಿಹೋದರು.

ಕ್ಯಾಮೆರಾ ಕೊಳ್ಳಿ, ತಕರಾರಿಲ್ಲ. ನಿಮ್ಮವರ ಹತ್ತಿರ ಹೋಗಿ ನಿಂತು ತೆಗೆಯಿರಿ, ಅಷ್ಟೇ.