ಕಪ್ಪು ಬಟ್ಟೆಯೊಳಗಿನ ಪ್ರೋಟೀನ್

ಕಳೆದ ವಾರ ನಮ್ಮ ಫ್ರೀಜರ್‌ನಿಂದ ಒಂದು ಪ್ರೋಟೀನ್ ಕಾಣೆಯಾಯಿತು. ನಗಬೇಡಿ. ಅರ್ಧ ಕಿರುಬೆರಳಿನಷ್ಟು ಸೀಸೆ ಅದು, ಆದರೆ ಅದರೊಳಗೆ ಒಂದು ಹುಡುಗಿಯ ನಾಲ್ಕು ತಿಂಗಳ ಕಾಯುವಿಕೆ ಇತ್ತು.

ಹುಡುಗಿ ನನ್ನ ಅಕ್ಕನ ಮಗಳು ಚೈತ್ರಾ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ರಿಸರ್ಚ್ ಮಾಡುತ್ತಾಳೆ. ಶನಿವಾರ, ಭಾನುವಾರ ಲ್ಯಾಬ್ ಮುಚ್ಚಿರುತ್ತದೆ ಅಂತ ಕೊರಿಯರ್‌ಗೆ ಶಿಡ್ಲಘಟ್ಟದ ನಮ್ಮ ಅಡ್ರೆಸ್ ಕೊಟ್ಟಿದ್ದಳು.

"ಮಾವ, ಬಂದ ತಕ್ಷಣ ಫ್ರೀಜರ್‌ಗೆ ಹಾಕ್ಬಿಡಿ. ಮುಚ್ಚಳ ಮಾತ್ರ ತೆಗೀಬೇಡಿ. ಇರೋದು ಅದೊಂದೇ."

ಏನದು? ನಮ್ಮ ರಕ್ತದಲ್ಲಿ ಕಾವಲು ಕಾಯುವ ಜೀವಕೋಶಗಳಿವೆಯಲ್ಲ, ಅವುಗಳ ಮೈಮೇಲಿರುವ ರಿಸೆಪ್ಟರ್. ಬಂದವರು ನಮ್ಮವರೋ ಪರರೋ ಎಂದು ಮುಟ್ಟಿ ನೋಡುವ ಪ್ರೋಟೀನ್, ಒಂಥರಾ ಕಾವಲು ಬಾಗಿಲು. ಅದನ್ನು ಯಾರ ಮೈಯಿಂದಲೂ ಕಿತ್ತು ತರುವುದಿಲ್ಲ. ಮನುಷ್ಯನ ಜೀನ್ ಒಂದನ್ನು ಹುಳುವಿನ ಜೀವಕೋಶಕ್ಕೆ ಸೇರಿಸಿ ಅದರ ಕೈಲಿ ಮಾಡಿಸುತ್ತಾರಂತೆ. ಯಾವ ಹುಳು ಗೊತ್ತೇ? ನಮ್ಮ ಮುಸುಕಿನ ಜೋಳವನ್ನು ತಿಂದು ಹಾಕುವ ಅದೇ ಸೈನಿಕ ಹುಳು!

ಇಷ್ಟನ್ನೂ ಶನಿವಾರ ಸೀಸೆ ಬಂದಾಗ, ಅದನ್ನು ಫ್ರೀಜರ್‌ಗೆ ಹಾಕುತ್ತಲೇ ಅಮ್ಮನಿಗೆ ಹೇಳಿದೆ. "ಹುಳದ್ದಾ?" ಅಂದಳು. "ಹೂಂ, ಹುಳದ್ದೇ" ಅಂದೆ. (ಅರ್ಧ ತಿಳಿದದ್ದನ್ನು ಪೂರ್ತಿ ತಿಳಿದವನಂತೆ ಹೇಳುವುದು ನನ್ನ ಹಳೇ ಚಾಳಿ.)

ಅಮ್ಮ ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವಳು. ಹುಳುವಿನ ಮನೆಯ ಬಾಗಿಲಲ್ಲಿ ನಿಂತು, ಕಾಲು ತೊಳೆಯದವರನ್ನು, ಅತ್ತರು ಹಾಕಿಕೊಂಡವರನ್ನು, ಅವರು ಎಷ್ಟೇ ದೊಡ್ಡವರಾಗಿರಲಿ, ಹೊರಗೇ ನಿಲ್ಲಿಸುತ್ತಿದ್ದಳು. ಈಗ ಅಲ್ಲಿ ಹುಳುವಿಲ್ಲ. ಹಳೇ ತಟ್ಟೆಗಳೂ ಧೂಳೂ ಇವೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ಚೈತ್ರಾ ಐಸ್ ಬಾಕ್ಸ್ ಹಿಡಿದು ಬಂದಳು. ಫ್ರೀಜರ್ ತೆಗೆದರೆ ಹಿತಕಿದ ಅವರೆಬೇಳೆಯ ಪೊಟ್ಟಣಗಳಷ್ಟೇ ಇವೆ!

"ಅಮ್ಮಾ, ಚೈತ್ರಾದು ಸೀಸೆ ಎಲ್ಲಿ?"

"ಅಯ್ಯೋ ದೇವುಡಾ, ಮೊಟ್ಟೆನ ಯಾರಾದ್ರೂ ಐಸಲ್ಲಿ ಮಡಗ್ತಾರೇನೋ? ನಿನ್ನೆ ಬೇಳೆ ತಗಿಯಕ್ಕೆ ಹೋದಾಗ ನೋಡ್ದೆ. ಸತ್ತೋಗ್ತವೆ ಅಂತ ಆಚೆ ತಗ್ದು ಹುಳುಮನೇಲಿ ಮಡಗ್ದೆ."

ಸೀಸೆಯ ತಳದಲ್ಲಿದ್ದ ಬಿಳಿ ಪುಡಿ ಅವಳ ಕಣ್ಣಿಗೆ ಹೊಸ ಜಾತಿಯ ಹುಳುಮೊಟ್ಟೆಯಾಗಿ ಕಂಡಿತ್ತು. ನಾವು ಹುಳುವಿನ ಮನೆಗೆ ಓಡಿದೆವು. ಒದ್ದೆ ಮರಳಿನ ಮೇಲೆ ಮಣ್ಣಿನ ಕುಡಿಕೆ. ಅದರೊಳಗೆ ಕಪ್ಪು ಬಟ್ಟೆ ಸುತ್ತಿದ ಸೀಸೆ. ಮೊಟ್ಟೆಗಳನ್ನು ಕತ್ತಲಲ್ಲಿಟ್ಟು, ಬೆಳಿಗ್ಗೆ ಒಮ್ಮೆಲೇ ಬೆಳಕಿಗೆ ತೆರೆದರೆ ಮರಿಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಇಲ್ಲಿ ಹುಳು ಸಾಕುವ ಎಲ್ಲರಿಗೂ ಗೊತ್ತಿರುವ ಕ್ರಮ ಅದು.

"ಅಜ್ಜಿ, ಮುಚ್ಚಳ ತೆಗೆದ್ಯಾ?" ಚೈತ್ರಾ ಕೇಳಿದಳು.

"ಇನ್ನೂ ಇಲ್ಲ ಕಣಮ್ಮ. ಬಿಸಿಲು ಬರ್ಲಿ ಅಂತ ಕಾಯ್ತಿದ್ದೆ."

ಹತ್ತು ನಿಮಿಷ ತಡವಾಗಿದ್ದರೆ? ಯೋಚಿಸಲೂ ಭಯವಾಗುತ್ತದೆ.

ಚೈತ್ರಾ ಸೀಸೆಯನ್ನು ತಿರುಗಿಸಿ ನೋಡಿದಳು. ಮುಚ್ಚಳ ಬಿಗಿಯಾಗಿತ್ತು, ಪುಡಿ ಒಣಗಿಯೇ ಇತ್ತು. "ಬದುಕಿದ್ರೂ ಬದುಕಿರಬಹುದು. ಟೆಸ್ಟ್ ಮಾಡಿದ್ರೆ ಬುಧವಾರ ಗೊತ್ತಾಗುತ್ತೆ" ಅಂದಳು. ಅಮ್ಮನ ಮುಖ ಸಪ್ಪಗಾಯಿತು. "ಸತ್ತಿದ್ರೆ ನನ್ ಪಾಪ ಅಲ್ವೇನಮ್ಮಾ?" ಅದು ಮೊಟ್ಟೆಯಲ್ಲ ಅಂತ ಹೇಳಲು ನಾನು ಬಾಯಿ ತೆರೆದೆ. ಚೈತ್ರಾ ಕಣ್ಣಲ್ಲೇ ತಡೆದಳು.

ಎರಡು ದಿನ ಅಮ್ಮ ಸರಿಯಾಗಿ ಉಣ್ಣಲಿಲ್ಲ. ತಪ್ಪು ನನ್ನದು, ಊಟ ಬಿಟ್ಟವಳು ಅವಳು. ಮಂಗಳವಾರ ಮಧ್ಯಾಹ್ನ ಅವಳನ್ನು ಹುಡುಕಿಕೊಂಡು ಹೋದರೆ, ಹುಳುವಿನ ಮನೆಯಲ್ಲಿ ಖಾಲಿ ಕುಡಿಕೆಯ ಮುಂದೆ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಹೆಂಚಿನ ಸಂದಿಯಿಂದ ಬಿಸಿಲು ಇಳಿಯುತ್ತಿತ್ತು. ಹಿಂದೆ ಇದೇ ಹೊತ್ತಿಗೆ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ತುಂತುರು ಮಳೆಯಂತೆ ಕೇಳುತ್ತಿತ್ತು. ಆ ಸದ್ದಿನಲ್ಲೇ ನಾನು ಮಗುವಾಗಿದ್ದಾಗ ನಿದ್ದೆ ಹೋಗುತ್ತಿದ್ದದ್ದು. ಯಾರದೋ ಮೈಯ ಕಾವಲು ಬಾಗಿಲನ್ನು, ಎಲ್ಲೋ ಒಂದು ಹುಳುವಿನ ಜೀವಕೋಶ, ತಾನು ಮಾಡುತ್ತಿರುವುದು ಏನೆಂದು ತಿಳಿಯದೆ ಮಾಡಿದೆ. ಮನೆಯೇ ಇಲ್ಲದ ಆ ಬಾಗಿಲು ಒಂದು ರಾತ್ರಿ ಈ ಹುಳುವಿನ ಮನೆಯಲ್ಲಿ ಮಲಗಿತ್ತು. ಅಮ್ಮ ಅದಕ್ಕೂ ಕಾವಲಿದ್ದಳು. ಹಾಗೆ ಅಂದುಕೊಂಡಾಗ ನನ್ನ ಕಣ್ಣು ತುಂಬಿತು, ಮುಚ್ಚಿಡುವುದೇಕೆ?

ಬುಧವಾರ ಸಂಜೆ ಫೋನ್ ಬಂತು.

"ಮಾವ, ಹಾಳಾಗಿಲ್ಲ! ಟೆಸ್ಟಲ್ಲಿ ಹಿಡ್ಕೋಬೇಕಾದ್ದನ್ನ ಗಟ್ಟಿಯಾಗಿ ಹಿಡ್ಕೊಂಡಿದೆ!"

ಅಮ್ಮ ಫೋನ್ ಕಸಿದುಕೊಂಡಳು. "ಮರಿ ಆಚೆ ಬಂದ್ವೇನಮ್ಮಾ?"

ಸ್ಪೀಕರ್ ಆನ್ ಆಗಿತ್ತು, ಉತ್ತರ ನನಗೂ ಕೇಳಿಸಿತು.

"ಬಂದ್ವು ಅಜ್ಜಿ. ಎಲ್ಲಾ ಒಟ್ಟಿಗೇ ಬಂದ್ವು."

"ಕತ್ತಲಲ್ಲಿ ಮಡಗಿದ್ನಲ್ಲ, ಅದಕ್ಕೇ" ಅಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ, ಎರಡು ದಿನಗಳಲ್ಲಿ ಮೊದಲ ಸಲ, ಊಟಕ್ಕೆ ತಟ್ಟೆ ಹಾಕು ಅಂದಳು.

ಈಗ ನೀವೇ ಹೇಳಿ, ನಮ್ಮ ಮನೆಯ ವಿಜ್ಞಾನಿ ಸುಳ್ಳು ಹೇಳಿದಳಾ?