ಕ್ವಿಡೊಗೆ ಸಿಗದ ಹೆಸರು

ನನ್ನ ಗೆಳೆಯ ಕ್ವಿಡೊ ಹೋಗಿ ಹದಿನೇಳು ದಿನವಾಯಿತು. ಬ್ರನೋ ಊರಿನ ಟ್ರಾಮ್ ಡಿಪೋದಲ್ಲಿ ಮೂವತ್ತಾರು ವರ್ಷ ಬ್ರೇಕು ರಿಪೇರಿ ಮಾಡಿದವನು. ಅವನ ಎರಡು ಕೋಣೆಯ ಮನೆಯಲ್ಲಿ ನಾಲ್ಕು ಸಾವಿರ ರೆಕಾರ್ಡುಗಳಿವೆ, ಹೆಚ್ಚಿನವು ಯಾರೂ ಹೆಸರು ಕೇಳಿರದ ಸಂಗೀತಕಾರರವು. ಮರೆತುಹೋದವರನ್ನೆಲ್ಲ ಪ್ರೀತಿಯಿಂದ ಕೂಡಿಟ್ಟ ಎಂದು ಮಣ್ಣಿನ ದಿನ ಯಾರೋ ಹೇಳಿದರು. ಹಾಗಲ್ಲ. ಅವನು ಒಬ್ಬನನ್ನೇ ಹುಡುಕುತ್ತಿದ್ದ.

ಎಪ್ಪತ್ನಾಲ್ಕನೇ ಇಸವಿಯ ಒಂದು ಭಾನುವಾರ, ಮಧ್ಯಾಹ್ನ. ಆಗೆಲ್ಲ ಗಡಿಯಾಚೆಯ ರೇಡಿಯೋದಿಂದ ಸಂಗೀತವನ್ನು ಟೇಪಿಗೆ ಇಳಿಸಿಕೊಳ್ಳುತ್ತಿದ್ದೆವು. ಕೊನೆಯ ಸ್ವರ ಮುಗಿದ ಕೂಡಲೇ ಟೇಪೂ ರೇಡಿಯೋವೂ ಬಂದ್. ಅದು ಕ್ವಿಡೊನ ಕಟ್ಟಳೆ. ಸಂಗೀತದ ಮೇಲೆ ಉದ್ಘೋಷಕನ ಗಂಟಲು ಬೀಳಬಾರದು. ಆ ದಿನ ಗುಂಡಿಯ ಬಳಿ ಕೂತವನು ನಾನು. ರೇಡಿಯೋ ಹಾಕಿದಾಗ ನಾಲ್ಕು ತಂತಿವಾದ್ಯಗಳ ಕೃತಿಯೊಂದು ಆಗಲೇ ನಡೆದಿತ್ತು. ಕೊನೆಗೆ ವಯಲಿನ್ನಿಗಿಂತ ದಪ್ಪ ದನಿಯ ವಯೋಲಾ ಒಂದೇ ಉಳಿಯಿತು. ಅಡುಗೆಮನೆಯಲ್ಲಿ ಕ್ವಿಡೊನ ಹೆಂಡತಿ ಬ್ಲಾಜೆನಾ ಸೌಟು ಹಿಡಿದು ನಿಂತುಬಿಟ್ಟಳು. ಅದು ಮುಗಿಯಿತು. ನಾನು ಎರಡೂ ಗುಂಡಿ ಒತ್ತಿದೆ.

“ಯಾರದೋ ಇದು?” ಎಂದ ಕ್ವಿಡೊ.

ಗಡಬಡಿಸಿ ಮತ್ತೆ ಹಾಕಿದೆ. ಆ ಹಳೆಯ ರೇಡಿಯೋ ಕಾದು ದನಿ ಬರುವಷ್ಟರಲ್ಲಿ ಹವಾಮಾನ ವರದಿ ಶುರುವಾಗಿತ್ತು.

“ಭೇಷ್ ಕಣೋ ಸಿರಿಲ್. ಹಾಗಾದ್ರೆ ಇದನ್ನ ಬರೆದಿದ್ದು ನಾಳೆಯ ಮೋಡ!” ಎಂದು ನಕ್ಕ. ಆಮೇಲೆ ನಗಲಿಲ್ಲ.

ಆ ಕಮ್ಯುನಿಸ್ಟ್ ಕಾಲದಲ್ಲಿ ಗಡಿಯಾಚೆಗೆ ಕಾಗದ ಬರೆದರೆ ಡಿಪೋದಲ್ಲಿ ಕರೆಸಿ ವಿಚಾರಿಸುತ್ತಿದ್ದರು. ಹಾಗಾಗಿ ಹಳೆಯ ರೆಕಾರ್ಡಿನ ಅಂಗಡಿಗಳಿಗೆ ಅಲೆದ. ಗೊತ್ತಿಲ್ಲದ ಹೆಸರು ಕಂಡರೆ ತಂದ. ನಾಲ್ಕು ನಿಮಿಷ ಕೇಳಿ, “ಇವನೂ ಅಲ್ಲ” ಎಂದು ಕವರಿಗೆ ತುರುಕುತ್ತಿದ್ದ.

“ಚೆನ್ನಾಗಿದೆಯಲ್ಲೋ!” ಎನ್ನುತ್ತಿದ್ದೆ ನಾನು.

“ಹಾಗಿದ್ರೆ ನಿನ್ನ ಮನೆಗೆ ಕರ್ಕೊಂಡು ಹೋಗು.”

“ಸತ್ತೋರಿಗೆಲ್ಲ ಇಲ್ಲಿ ಜಾಗ ಇದೆ, ನನ್ನ ಹೊಲಿಗೆ ಮಷಿನ್ನಿಗೆ ಇಲ್ಲ” ಎನ್ನುತ್ತಿದ್ದಳು ಬ್ಲಾಜೆನಾ.

ಎಂಬತ್ತೊಂಬತ್ತರಲ್ಲಿ ಗಡಿ ತೆರೆದ ವಾರವೇ ರೇಡಿಯೋದವರಿಗೆ ಬರೆದ. ಆ ವರ್ಷದ ಪಟ್ಟಿಗಳು ಉಳಿದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಟೇಪನ್ನು ಸಂಗೀತ ಶಾಲೆಗೆ ಒಯ್ದ. “ಯಾರೋ ವಿದ್ಯಾರ್ಥಿ ಬರೆದಿರಬೇಕು” ಎಂದರು ಅಲ್ಲಿಯ ಮೇಷ್ಟ್ರು. ಕ್ವಿಡೊ ಅವರಿಗೆ ವಂದನೆ ಹೇಳಿ ಬಂದ. ಒಂದು ತಿಂಗಳು ಯಾವ ರೆಕಾರ್ಡನ್ನೂ ಹಾಕಲಿಲ್ಲ. ಆಮೇಲೆ ಮತ್ತೆ ಅಲೆಯತೊಡಗಿದ.

ಈ ಮಾರ್ಚಿನಲ್ಲಿ ಅವನ ಶ್ವಾಸಕೋಶ ಸೋತಿತು. ಬರಿಗೈಯಲ್ಲಿ ಆಸ್ಪತ್ರೆಗೆ ಹೋಗಲು ನನ್ನಿಂದಾಗಲಿಲ್ಲ. ಹಳೆಯ ಸಂಗೀತಕೋಶವೊಂದರಿಂದ ಯಾರಿಗೂ ತಿಳಿದಿರಲಾರದ ಹೆಸರನ್ನು ಆರಿಸಿಕೊಂಡು ಹೋದೆ.

“ಸಿಕ್ಕಿದ ಕಣೋ. ಆಂಟೋನ್ ಶ್ರೈಬಾಖ್.”

ಅವನು ಆಕ್ಸಿಜನ್ ಮುಖವಾಡವನ್ನು ಕೆಳಗೆ ಜಗ್ಗಿದ.

“ಎಂಬತ್ತೆರಡರಲ್ಲೇ ಕೇಳಿದೀನಿ. ಅವನು ಬರೆದಿದ್ದೆಲ್ಲ ಚರ್ಚಿನ ಆರ್ಗನ್‌ಗೆ, ತಂತಿಗಲ್ಲ,” ಎಂದ. ಉಸಿರು ಎಳೆದುಕೊಂಡು, “ಸುಳ್ಳು ಹೇಳೋಕಾದ್ರೂ ನಂಗೆ ಗೊತ್ತಿಲ್ಲದ ಹೆಸರು ತರೋಕಾಗ್ಲಿಲ್ವೇನೋ, ಕತ್ತೆ?”

ಅವನಿಗೆ ಗೊತ್ತಿಲ್ಲದ್ದು ಒಂದೇ ಹೆಸರು. ಅದು ನನಗೂ ಗೊತ್ತಿರಲಿಲ್ಲ. ಕ್ವಿಡೊ ಗೋಡೆಯ ಕಡೆಗೆ ಮುಖ ತಿರುಗಿಸಿದ. ಆಮೇಲೆ ನಾಲ್ಕು ದಿನ ಬದುಕಿದ್ದ. ಏನನ್ನೂ ಕೇಳಲಿಲ್ಲ.